ಕೂಲಿಯವರು ಮಕ್ಕಳನ್ನೂ ತೋಟಕ್ಕೆ ಕರೆತರುವುದು ಯಾಕೆ?

ಪ್ರಶ್ನೆ: ಹೆಬ್ರಿ ಹತ್ತಿರ ನಮ್ಮದು ಅಡಿಕೆ ತೋಟ. ಈ ಸಲ ಕೆಲಸಕ್ಕೆ ಕೊಪ್ಪಳ ಕಡೆಯ ಒಂದು ಸಂಸಾರ ಬಂದಿದೆ. ಮೇಸ್ತ್ರಿ ಕರೆದುಕೊಂಡು ಬಂದದ್ದು, ಕೂಲಿ ಕಿಲೋ ಲೆಕ್ಕ. ಹತ್ತು ವರ್ಷದ ಹುಡುಗಿ ತಮ್ಮನನ್ನು ಸೊಂಟದಲ್ಲಿ ಕೂರಿಸಿಕೊಂಡೇ ಬುಡದಿಂದ ಬುಡಕ್ಕೆ ಹೋಗುತ್ತಾಳೆ, ಬಿದ್ದ ಹಾಳೆ ಸರಿಸಿ ಅಡಿಕೆ ಹೆಕ್ಕುತ್ತಾಳೆ. ಶಾಲೆಗೆ ಕಳಿಸಿ ಅಂದರೆ ಅಪ್ಪ ಸುಮ್ನೆ ತಲೆಯಾಡಿಸುತ್ತಾನೆ. ಇವರಿಗೆ ಓದಿಸುವ ಆಸೆಯೇ ಇಲ್ವಾ? ನಾನೇನು ಮಾಡಲಿ?

ಉತ್ತರ (ಮಕ್ಕಳ ರಕ್ಷಣೆಯ ಕೆಲಸ, ಉಡುಪಿ): ಆಸೆ ಇದೆ ಸರ್. ನಾನು ಮಾತಾಡಿಸಿದ ಹೆಚ್ಚಿನ ತಂದೆತಾಯಿ "ನಮ್ಮ ಪಾಡು ಇವಕ್ಕೆ ಬೇಡ" ಅಂತಲೇ ಹೇಳುತ್ತಾರೆ. ನೀವು ಕೂಲಿ ಕೊಡುವ ಲೆಕ್ಕವನ್ನು ಒಮ್ಮೆ ನೋಡಿ. ಕಿಲೋ ಲೆಕ್ಕ ಆದರೆ ಆ ಹುಡುಗಿ ಹೆಕ್ಕಿದ್ದೂ ತಕ್ಕಡಿಗೆ ಬರುತ್ತದೆ. ಅವಳು ಶಾಲೆಗೆ ಹೋದರೆ ಅಷ್ಟು ದುಡ್ಡು ಕಡಿಮೆ. ಮೇಲಿಂದ ಮೇಸ್ತ್ರಿ ಹತ್ತಿರ ಮುಂಗಡ ತೆಗೆದುಕೊಂಡಿದ್ದರೆ ಮುಗಿಯಿತು. ಊರಲ್ಲಿ ಮಳೆ ಕೈಕೊಟ್ಟಿರುತ್ತದೆ, ಇಲ್ಲ ಮನೆಯಲ್ಲಿ ಯಾರಿಗೋ ಆಪರೇಷನ್ ಆಗಿರುತ್ತದೆ. ಆ ಸಾಲ ತೀರುವವರೆಗೆ ಮನೆಮಂದಿಯೆಲ್ಲ ದುಡಿಯಬೇಕು.

ಇನ್ನೊಂದು, ಸೊಂಟದ ಮೇಲಿರುವ ತಮ್ಮ. ತಾಯಿಯ ಎರಡೂ ಕೈ ಕೆಲಸಕ್ಕೆ ಬೇಕಾದಾಗ ಮಗುವನ್ನು ಯಾರಾದರೂ ಎತ್ತಿಕೊಳ್ಳಬೇಕಲ್ಲ? ಹಾಗಾಗಿ ಮೊದಲು ಶಾಲೆ ಬಿಡುವವಳು ದೊಡ್ಡ ಮಗಳು. ಇದನ್ನು ಯಾರೂ ಕೆಲಸ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ, ನನಗೆ ಜಾಸ್ತಿ ಬೇಜಾರಾಗುವುದು ಅದಕ್ಕೇ.

ಐಎಲ್‌ಒ (ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ) ಮತ್ತು ಯುನಿಸೆಫ್‌ನ 2024ರ ಅಂದಾಜಿನಲ್ಲಿ ಜಗತ್ತಿನ ಬಾಲಕಾರ್ಮಿಕರು ಸುಮಾರು 13.8 ಕೋಟಿ. ಅವರಲ್ಲಿ ನೂರಕ್ಕೆ 61 ಮಕ್ಕಳು ಇರುವುದು ಕೃಷಿಯಲ್ಲೇ.

ಕಾನೂನಿನ ಮಾತು ನೇರವಾಗಿ ಹೇಳುತ್ತೇನೆ, ಬೇಸರ ಮಾಡಬೇಡಿ. ಬಾಲಕಾರ್ಮಿಕ ಕಾಯ್ದೆಗೆ ಆದ 2016ರ ತಿದ್ದುಪಡಿಯ ನಂತರ 14 ತುಂಬದ ಮಗುವನ್ನು ಕೂಲಿ ಕೆಲಸಕ್ಕೆ ಹಚ್ಚುವ ಹಾಗೇ ಇಲ್ಲ. ಹಚ್ಚಿದವರಿಗೆ 6 ತಿಂಗಳಿಂದ 2 ವರ್ಷ ಜೈಲು, ಇಲ್ಲವೇ 20 ಸಾವಿರದಿಂದ 50 ಸಾವಿರ ರೂಪಾಯಿ ದಂಡ, ಅಥವಾ ಎರಡೂ. "ಮೇಸ್ತ್ರಿ ಕರೆತಂದದ್ದು" ಅಂದರೆ ತೋಟದವರು ಪಾರಾಗುವುದಿಲ್ಲ.

ಹೆಕ್ಕುವ ಕೆಲಸವನ್ನು ದಿನಗೂಲಿಗೆ ಬದಲಾಯಿಸಿ. ಗಂಡ ಹೆಂಡತಿ ಇಬ್ಬರ ಕೂಲಿಯನ್ನೂ ಅವರವರ ಕೈಗೇ ಕೊಡಿ. ಹುಡುಗಿಯನ್ನು ಹತ್ತಿರದ ಸರಕಾರಿ ಶಾಲೆಗೆ ನೀವೇ ಕರೆದುಕೊಂಡು ಹೋಗಿ. ಟಿಸಿ ಇಲ್ಲ, ವರ್ಷದ ಮಧ್ಯ ಅಂತ ವಾಪಸ್ ಕಳಿಸುವ ಹಾಗಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಅದು ಇದೆ. ಮುಂಗಡದ ನೆಪದಲ್ಲಿ ಮೇಸ್ತ್ರಿ ಅವರನ್ನು ಹಿಡಿದಿಟ್ಟಿದ್ದಾನೆ ಅನ್ನಿಸಿದರೆ ಅದು ಜೀತ. ತಡಮಾಡದೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಇನ್ನೊಬ್ಬರು: ರಜೆಯಲ್ಲಿ ನನ್ನ ಮಗ ನಮ್ಮದೇ ತೋಟದಲ್ಲಿ ಹೆಕ್ಕಿದರೂ ತಪ್ಪಾ ಸರ್?

ಉತ್ತರ: ಇಲ್ಲ ಅಕ್ಕ. ಸ್ವಂತ ತೋಟದಲ್ಲಿ, ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಸಹಾಯ ಮಾಡಬಹುದು. ಮದ್ದು ಬಿಡುವಾಗ ಮಾತ್ರ ಹತ್ತಿರ ಬಿಡಬೇಡಿ.

ಪ್ರಶ್ನೆ ಕೇಳಿದವರು: ನಾಳೆಯೇ ಹೆಡ್‌ಮಾಸ್ಟರ ಹತ್ತಿರ ಹೋಗುತ್ತೇನೆ. ಆದರೆ ತಮ್ಮನಿಗೆ ಇನ್ನೂ ಎರಡು ವರ್ಷ. ಅವನನ್ನು ಎಲ್ಲಿ ಬಿಡುವುದು?

ಉತ್ತರ: ನಿಮ್ಮ ಪಂಚಾಯತ್‌ನಲ್ಲಿ "ಕೂಸಿನ ಮನೆ" ಇದೆಯಾ ವಿಚಾರಿಸಿ. ಕೂಲಿಗೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗೆ ಅಂತಲೇ ಮಾಡಿದ್ದು ಅದು. ಇಲ್ಲದಿದ್ದರೆ ಅಂಗನವಾಡಿ ಟೀಚರ್ ಹತ್ತಿರ ಮಾತಾಡೋಣ, ನಾನೂ ಬರುತ್ತೇನೆ.