ಲ್ಯಾಂಡ್ ಏಜೆಂಟ್, ಈಸ್‌ಮೆಂಟ್, ವೇಲೀವ್: ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ,

ಇಂಗ್ಲೆಂಡಿನ ನೀರು ಮತ್ತು ಒಳಚರಂಡಿ ಕಾಮಗಾರಿಗಳಿಗೆ ಜಮೀನಿನ ಕಡೆಯ ಕೆಲಸ ಹೇಗೆ ನಡೆಯುತ್ತದೆ ಅನ್ನುವ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೊಳವೆ, ಪಂಪು, ಶುದ್ಧೀಕರಣ ಘಟಕ, ಇವುಗಳಲ್ಲಿ ತೊಂದರೆ ಇಲ್ಲ. ಸೂವರೇಜ್‌ಗೆ ಒಳಚರಂಡಿ ಅನ್ನುವುದು ನಮ್ಮ ಮಂಡಳಿಗಳ ಹೆಸರಲ್ಲೇ ಕೂತುಬಿಟ್ಟಿದೆ. ರೈಸಿಂಗ್ ಮೇನ್‌ಗೆ ಏರುಕೊಳವೆ, ಮ್ಯಾನ್‌ಹೋಲ್‌ಗೆ ಆಳುಗುಂಡಿ ಬಳಕೆಯಲ್ಲಿವೆ. ಸಿಕ್ಕಿಹಾಕಿಕೊಂಡಿರುವುದು ಜಮೀನಿನ ಪದಗಳಲ್ಲಿ.

ಮೊದಲು ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಕೊಳವೆ ಹತ್ತಾರು ಜನರ ಹೊಲಗಳನ್ನು ದಾಟಿ ಹೋಗಬೇಕು. ಯಾರ ಹೊಲ, ಯಾರು ಉಳುತ್ತಿದ್ದಾರೆ ಅಂತ ಪತ್ತೆ ಮಾಡಬೇಕು. ನೋಟಿಸ್ ಕೊಡಬೇಕು. ಅಗೆಯುವ ಮೊದಲು ಹೊಲ ಹೇಗಿತ್ತು ಅಂತ ಫೋಟೋ ಸಮೇತ ಬರೆದಿಡಬೇಕು. ಕೆಲಸ ಮುಗಿದ ಮೇಲೆ ಬೆಳೆ ನಷ್ಟ ಲೆಕ್ಕ ಹಾಕಿ ದುಡ್ಡು ಕೊಡಿಸಬೇಕು. ಇಷ್ಟೆಲ್ಲಾ ನೋಡಿಕೊಳ್ಳುವವನು ಲ್ಯಾಂಡ್ ಏಜೆಂಟ್. ಕೊಳವೆ ಮಣ್ಣಿನಡಿ ಉಳಿಯುತ್ತದೆ, ಹೊಲ ಮಾಲೀಕನ ಹೆಸರಲ್ಲೇ ಇರುತ್ತದೆ, ಅವನು ಮತ್ತೆ ಬಿತ್ತುತ್ತಾನೆ.

ಹಾಗಾಗಿ ಇದಕ್ಕೆ ‘ಭೂಸ್ವಾಧೀನ’ ಅನ್ನುವುದು ನನಗೆ ಒಪ್ಪಿಗೆ ಇಲ್ಲ. ಪತ್ರಿಕೆಗಳಲ್ಲಿ ಪೈಪ್‌ಲೈನ್ ಅಂದ ತಕ್ಷಣ ಆ ಪದ ಬಂದುಬಿಡುತ್ತದೆ. ಅದನ್ನು ಓದಿದವರಿಗೆ ಜಮೀನೇ ಹೋಯಿತು ಅನ್ನಿಸುತ್ತದೆ. ಪಂಪ್‌ಹೌಸ್ ಕಟ್ಟಲು ಜಾಗ ಕೊಂಡರೆ ಸ್ವಾಧೀನ ಸರಿ, ಕೊಳವೆಗೆ ಅಲ್ಲ. ಇನ್ನೂ ಒಂದು ತಮಾಷೆ ಇದೆ. ಪಹಣಿಯಲ್ಲಿ ‘ಸ್ವಾಧೀನದಾರ’ ಅಂದರೆ ಜಮೀನು ಇಟ್ಟುಕೊಂಡಿರುವವನು. ‘ಭೂಸ್ವಾಧೀನಾಧಿಕಾರಿ’ ಅಂದರೆ ಅದನ್ನು ತೆಗೆದುಕೊಳ್ಳುವವನು! ಒಂದೇ ಪದ ಎರಡೂ ಕಡೆ ನಿಂತಿದೆ.

ಈಗ ಈಸ್‌ಮೆಂಟ್. ಕಾನೂನಿನ ಕನ್ನಡದಲ್ಲಿ ‘ಅನುಭೋಗದ ಹಕ್ಕು’ ಅಂತ ನೋಡಿದ್ದೇನೆ. ಪದ ಸುಮ್ನೆ ಹುಟ್ಟಿದ್ದಲ್ಲ. 1882ರ ಭಾರತದ ಈಸ್‌ಮೆಂಟ್ ಕಾಯ್ದೆಯ 4ನೇ ಕಲಮು ಇದನ್ನು ವಿವರಿಸುವುದೇ ಒಂದು ಜಮೀನನ್ನು ಚೆನ್ನಾಗಿ ಅನುಭವಿಸಲು ಇನ್ನೊಂದು ಜಮೀನಿನ ಮೇಲೆ ಇರುವ ಹಕ್ಕು ಅಂತ. ನನ್ನ ಹೊಲಕ್ಕೆ ಹೋಗಲು ನಿಮ್ಮ ಬದುವಿನ ಮೇಲೆ ದಾರಿ, ಆ ಥರ. ಭೋಗ ಅನ್ನುವುದು ನಮ್ಮ ಜಮೀನಿನ ಭಾಷೆಗೆ ಹಳೆಯ ನಂಟು. ಶಾಸನಗಳಲ್ಲೂ ಕ್ರಯಪತ್ರಗಳಲ್ಲೂ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಅಂತ ಎಂಟು ಭೋಗಗಳನ್ನು ಒಟ್ಟಿಗೆ ಬರೆದುಕೊಡುತ್ತಿದ್ದರು. ನೆಲ ಅಂದರೆ ಒಂದೇ ಗಟ್ಟಿ ವಸ್ತುವಲ್ಲ, ಹಕ್ಕುಗಳ ಕಟ್ಟು ಅನ್ನುವ ತಿಳಿವಳಿಕೆ ಅಲ್ಲಿ ಆಗಲೇ ಇದೆ. ಆ ಕಟ್ಟಿನಿಂದ ಒಂದನ್ನು ಮಾತ್ರ ಎಳೆದು ಇನ್ನೊಬ್ಬರಿಗೆ ಕೊಡುವುದೇ ಈಸ್‌ಮೆಂಟ್. ಆ ಲೆಕ್ಕದಲ್ಲಿ ಅನುಭೋಗ ಒಳ್ಳೆಯ ಪದವೇ.

ಆದರೆ ಕೊಳವೆಗೆ ಹಚ್ಚಿದರೆ ಎರಡು ತೊಡಕು. ಒಂದು, ಓದುಗರು ಇದನ್ನು ಭೋಗ್ಯದ ಜೊತೆ ಬೆರೆಸಿಕೊಳ್ಳುತ್ತಾರೆ. ಭೋಗ್ಯಕ್ಕೆ ಹಾಕಿದರೆ ಜಮೀನನ್ನೇ ಸಾಲ ಕೊಟ್ಟವನ ಕೈಗೆ ಬಿಟ್ಟಂತೆ, ಇಲ್ಲಿ ಹಾಗಲ್ಲ. ಎರಡು, ಈಸ್‌ಮೆಂಟ್‌ಗೆ ಲಾಭ ಪಡೆಯುವ ಇನ್ನೊಂದು ಜಮೀನು ಇರಬೇಕು. ನೀರಿನ ಕಂಪನಿಗೆ ಅಂಥ ಹೊಲ ಎಲ್ಲಿದೆ? ಅದೇನೇ ಇರಲಿ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1991ರ ವಾಟರ್ ಇಂಡಸ್ಟ್ರಿ ಆಕ್ಟ್‌ನ 159ನೇ ಕಲಮು ಖಾಸಗಿ ಜಮೀನಿನಲ್ಲಿ ಕೊಳವೆ ಹಾಕುವ ಅಧಿಕಾರವನ್ನು ಕಾನೂನಿನಿಂದಲೇ ಕೊಟ್ಟುಬಿಟ್ಟಿದೆ. ಹೊಸ ಕೊಳವೆಗೆ ಕನಿಷ್ಠ 3 ತಿಂಗಳ ನೋಟಿಸ್, ಇರುವುದನ್ನು ಬದಲಾಯಿಸಲು 42 ದಿನ. ತುರ್ತು ಕೆಲಸಕ್ಕೆ ಈ ಗಡುವು ಇಲ್ಲ. ನೋಟಿಸ್ ಮಾಲೀಕನಿಗೂ ಹೋಗಬೇಕು, ಜಮೀನಿನಲ್ಲಿ ಇರುವವನಿಗೂ ಹೋಗಬೇಕು. ಕೈಪಿಡಿ ಈ ಅಧಿಕಾರವನ್ನೂ ಈಸ್‌ಮೆಂಟನ್ನೂ ಬೇರೆಬೇರೆ ಇಡುತ್ತದೆ. ನಾನೂ ಬೇರೆ ಪದವೇ ಕೊಡಬೇಕು, ಅಲ್ವಾ?

ನಮ್ಮ ಕಾನೂನಿನಲ್ಲಿ ಹತ್ತಿರದ ಮಾದರಿ 1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆಮಾರ್ಗ ಕಾಯ್ದೆ. ಅಲ್ಲಿ ಸರ್ಕಾರ ತೆಗೆದುಕೊಳ್ಳುವುದು ಜಮೀನನ್ನಲ್ಲ, ‘ರೈಟ್ ಆಫ್ ಯೂಸರ್’ ಅನ್ನು. ಮಾಲೀಕ ಉಳಬಹುದು. ಆದರೆ ಕೊಳವೆ ಹೋಗುವ ನೆಲದ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಹಕ್ಕಿಗೆ ಕೊಡುವುದು ಜಮೀನಿನ ಮಾರುಕಟ್ಟೆ ಬೆಲೆಯ ಶೇಕಡಾ 10, ಬೆಳೆ ಮತ್ತು ಮರದ ನಷ್ಟ ಬೇರೆ. ಇದಕ್ಕೆ ‘ಬಳಕೆ ಹಕ್ಕು’ ಅನ್ನಬಹುದು. ಚೊಕ್ಕವಾಗಿದೆ, ಆದರೆ ಯಾರ ಬಳಕೆ, ಏನಕ್ಕೆ ಬಳಕೆ ಅನ್ನುವುದು ತಿಳಿಯುವುದಿಲ್ಲ.

ರೈತರ ಮಾತಿನಲ್ಲಿ ಹುಡುಕಿದರೆ ‘ನಮ್ಮ ಹೊಲದಾಗೆ ಲೈನು ಹಾಯ್ದು ಹೋಗೈತೆ’ ಅನ್ನುವುದು ಸಿಗುತ್ತದೆ. ಅದರಿಂದ ‘ಹಾಯುವ ಹಕ್ಕು’ ಅಂತ ಮಾಡಿಕೊಂಡಿದ್ದೇನೆ. ದಾಟಿ ಹೋಗುವುದೂ ಇದೆ, ನೀರು ಹಾಯಿಸುವ ನೆನಪೂ ಇದೆ. ಎತ್ತು ಹಾಯುವುದೂ ನೆನಪಾಗುತ್ತದೆ ಅಂತ ಸ್ನೇಹಿತರೊಬ್ಬರು ನಕ್ಕರು. ನೋಟಿಸ್ ಕೈಗೆ ಬಂದ ರೈತನಿಗೆ ಆ ಅರ್ಥವೂ ಪೂರ್ತಿ ತಪ್ಪು ಅನ್ನಿಸಲಿಕ್ಕಿಲ್ಲ.

ವೇಲೀವ್ ಸ್ವಲ್ಪ ಸುಲಭ. ಇದು ಕಂತಿನಲ್ಲಿ ದುಡ್ಡು ಕೊಟ್ಟು ಪಡೆಯುವ ಒಪ್ಪಿಗೆ. ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಕೊಡುತ್ತಾರೆ, ಹಿಂದಕ್ಕೆ ಪಡೆಯಬಹುದು, ಮಾಡಿಕೊಂಡವರ ನಡುವೆ ಮಾತ್ರ. ಈಸ್‌ಮೆಂಟ್ ಹಾಗಲ್ಲ, ಜಮೀನು ಮಾರಿದರೂ ಅದರ ಜೊತೆಗೇ ಹೋಗುತ್ತದೆ. ವಿದ್ಯುತ್ ತಂತಿಗಳಿಗೆ ವೇಲೀವ್ ಜಾಸ್ತಿ, ಕೊಳವೆಗೆ ಕಡಿಮೆ. ‘ಹಾಯುವ ಪರವಾನಗಿ’ ಸಾಕು ಅಂದುಕೊಂಡಿದ್ದೇನೆ.

ಏಜೆಂಟನೇ ಕಷ್ಟ. ‘ಭೂ ಏಜೆಂಟ್’ ಅಂದರೆ ಸೈಟು ಮಾರಿಸುವವನು. ‘ದಲ್ಲಾಳಿ’ ಅಂತೂ ಬೇಡವೇ ಬೇಡ. ‘ಮಧ್ಯವರ್ತಿ’ಯೂ ಅಲ್ಲ, ಏಕೆಂದರೆ ಇವನು ನಡುವೆ ನಿಲ್ಲುವುದಿಲ್ಲ. ಕಂಪನಿಯ ಕಡೆಗೊಬ್ಬ ಇರುತ್ತಾನೆ, ರೈತನ ಕಡೆಗೂ ಒಬ್ಬ ಇರಬಹುದು. ಬ್ರಿಟನ್ನಿನಲ್ಲಿ ಲ್ಯಾಂಡ್ ಏಜೆಂಟ್ ಅಂದರೆ ಮೊದಲಿಗೆ ದೊಡ್ಡ ಜಮೀನುದಾರನ ಪರವಾಗಿ ಗೇಣಿ ವಸೂಲಿ ಮಾಡಿ, ಎಸ್ಟೇಟು ನೋಡಿಕೊಳ್ಳುತ್ತಿದ್ದವನು. ಆ ಅರ್ಥಕ್ಕೆ ‘ಪಾರುಪತ್ಯಗಾರ’ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ. ದೇವಸ್ಥಾನದ, ಜಮೀನಿನ ವ್ಯವಹಾರ ನೋಡುತ್ತಿದ್ದವನು ಅವನೇ. ಆದರೆ ಈಗ ‘ಅಲ್ಲೆಲ್ಲಾ ಅವನದೇ ಪಾರುಪತ್ಯ’ ಅಂದರೆ ದರ್ಬಾರು ಅಂತ ಅರ್ಥ. ಸದ್ಯಕ್ಕೆ ‘ಜಮೀನು ಪ್ರತಿನಿಧಿ’ ಅಂತ ಬರೆದಿದ್ದೇನೆ. ಬಣ್ಣ ಇಲ್ಲ, ಆದರೆ ಯಾರ ಪ್ರತಿನಿಧಿ ಅಂತ ಹಿಂದೆ ಸೇರಿಸಿಕೊಳ್ಳಬಹುದು.

ಚಿಕ್ಕದೊಂದು ಉಳಿದಿದೆ. ರೀಇನ್‌ಸ್ಟೇಟ್‌ಮೆಂಟ್ ಅಂದರೆ ಎತ್ತಿಟ್ಟ ಮೇಲ್ಮಣ್ಣನ್ನು ಮತ್ತೆ ಮೇಲೆಯೇ ಹರಡಿ, ಬೇಲಿ, ಬಸಿಗಾಲುವೆ ಸರಿಮಾಡಿ ಹೊಲವನ್ನು ಒಪ್ಪಿಸುವುದು. ‘ಪುನಃಸ್ಥಾಪನೆ’ ಅಂದರೆ ವಿಗ್ರಹ ಕೂರಿಸಿದ ಹಾಗೆ, ‘ಯಥಾಸ್ಥಿತಿ’ ಅಂದರೆ ಕೋರ್ಟಿನ ತಡೆಯಾಜ್ಞೆ. ‘ಮೊದಲಿನಂತೆ ಮಾಡಿಕೊಡುವುದು’ ಅಂತ ಬಿಡಿಸಿ ಬರೆಯುವುದೇ ಸರಿ ಅನ್ನಿಸುತ್ತದೆ.

ಕರಾವಳಿಯವರು, ಉತ್ತರ ಕರ್ನಾಟಕದವರು ದಯವಿಟ್ಟು ಹೇಳಿ: ಪಕ್ಕದವರ ತೋಟದಲ್ಲಿ ನೀರು ತರಲು ಇರುವ ಹಕ್ಕಿಗೆ ನಿಮ್ಮ ಕಡೆ ಬೇರೆ ಪದ ಇದೆಯಾ? ಹಳೆಯ ದಸ್ತಾವೇಜು ಓದಿ ಅಭ್ಯಾಸ ಇರುವವರು ‘ಪಾರುಪತ್ಯಗಾರ’ನನ್ನು ಮತ್ತೆ ಕರೆತರಬಹುದಾ, ಬೇಡವಾ ಅನ್ನುವುದನ್ನೂ ತಿಳಿಸಿ.