ಯುಕುಲೇಲೆಯಲ್ಲಿ ಹಂಗೇರಿಯನ್ ಮೈನರ್: ಈ ಎರಡು ಕಾರ್ಡ್ ಏನು ಮಾಡಲಿ?

ಹೊಸಮೀಟು:
ನನ್ನ ಯುಕುಲೇಲೆಯ ನಾಲ್ಕು ತಂತಿಗಳದ್ದು ಮಾಮೂಲಿ ಟ್ಯೂನಿಂಗ್, ಜಿ-ಸಿ-ಇ-ಎ. ಎ ಹಂಗೇರಿಯನ್ ಮೈನರ್ ಸ್ಕೇಲಿನಲ್ಲಿ ಒಂದು ಪುಟ್ಟ ಟ್ಯೂನ್ ಕಟ್ಟುತ್ತಿದ್ದೇನೆ. ಸ್ವರಗಳು ಎ, ಬಿ, ಸಿ, ಡಿ ಶಾರ್ಪ್, ಇ, ಎಫ್, ಜಿ ಶಾರ್ಪ್. ಒಂದು ಬಿಟ್ಟು ಒಂದರಂತೆ ಮೂರು ಸ್ವರ ಜೋಡಿಸಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಮಾಡುತ್ತಾ ಹೋದೆ. ಎ ಮೈನರ್, ಸಿ ಆಗ್ಮೆಂಟೆಡ್, ಇ ಮೇಜರ್, ಎಫ್ ಮೇಜರ್, ಜಿ ಶಾರ್ಪ್ ಮೈನರ್ ಸಿಕ್ಕವು. ಉಳಿದ ಎರಡೇ ತಲೆನೋವು. ಬಿ-ಡಿ ಶಾರ್ಪ್-ಎಫ್ ಮೇಜರೂ ಅಲ್ಲ, ಡಿಮಿನಿಶ್ಡೂ ಅಲ್ಲ. ಡಿ ಶಾರ್ಪ್-ಎಫ್-ಎ ಅಂತೂ ನನ್ನ ಚಾರ್ಟಿನಲ್ಲೇ ಇಲ್ಲ. ಎರಡನ್ನೂ ಬಿಟ್ಟುಬಿಡಲಾ? ಆದರೆ ಈ ಸ್ಕೇಲಿನ ಸೊಗಸೆಲ್ಲ ಆ ಡಿ ಶಾರ್ಪ್‌ನಲ್ಲೇ ಇದೆ ಅಲ್ವಾ?

ಮೇಳ57:
ನಿಮ್ಮ ಸ್ಕೇಲ್ ಅಂದರೆ ಸಿಂಹೇಂದ್ರಮಧ್ಯಮ, ಕರ್ನಾಟಕ ಸಂಗೀತದ 57ನೇ ಮೇಳ (ಮೂಲರಾಗ). ಡಿ ಶಾರ್ಪ್ ಬದಲು ಡಿ ಇದ್ದರೆ ಅದು ಹಾರ್ಮೋನಿಕ್ ಮೈನರ್, ನಮ್ಮ ಕೀರವಾಣಿ, 21ನೇದು. ಮಧ್ಯಮವನ್ನು ಶುದ್ಧದಿಂದ ಪ್ರತಿಗೆ ಏರಿಸಿದರೆ 36 ಮೇಳ ಮುಂದಕ್ಕೆ ಹೋಗುತ್ತೀರಿ. ನಿಮ್ಮ ಡಿ ಶಾರ್ಪ್ ಅದೇ ಪ್ರತಿ ಮಧ್ಯಮ. ಕಾರ್ಡ್ ವಿಷಯ ನನಗೆ ಅಷ್ಟಕ್ಕಷ್ಟೇ, ಬೇರೆಯವರು ಹೇಳಲಿ.

ಖಾಲಿತಂತಿ:
ಬಿಡಬೇಡಿ! ಅವೆರಡನ್ನೂ ಬೇರೆ ಬೇರೆ ಕಾರ್ಡ್ ಅಂತ ನೋಡುವುದನ್ನು ಬಿಡಿ, ಸಾಕು.

ಎಫ್7 ಹಿಡಿಯಿರಿ, 2313. (ಫ್ರೆಟ್ ಅಂದರೆ ಕತ್ತಿನ ಮೇಲಿನ ಮೆಟ್ಟಿಲು. ಅವುಗಳ ನಂಬರುಗಳನ್ನು ಜಿ-ಸಿ-ಇ-ಎ ತಂತಿಗಳ ಕ್ರಮದಲ್ಲಿ ಬರೆಯುತ್ತಿದ್ದೇನೆ, 0 ಅಂದರೆ ಖಾಲಿ ತಂತಿ.) ಅದರಲ್ಲಿರುವುದು ಎ, ಡಿ ಶಾರ್ಪ್, ಎಫ್, ಸಿ. ಚಾರ್ಟಿನಲ್ಲಿ ಡಿ ಶಾರ್ಪ್ ಬದಲು ಇ ಫ್ಲ್ಯಾಟ್ ಅಂತ ಇರುತ್ತದೆ, ಫ್ರೆಟ್ ಒಂದೇ. ನಾಲ್ಕೂ ನಿಮ್ಮ ಸ್ಕೇಲಿನ ಸ್ವರಗಳೇ. ಈಗ ಕಿರುಬೆರಳು ಎತ್ತಿ. 2310 ಆಯಿತು. ಚಾರ್ಟಿನಲ್ಲಿ ಸಿಗದ ನಿಮ್ಮ ಡಿ ಶಾರ್ಪ್-ಎಫ್-ಎ ಇದೇ! ಅದೇ ಕಿರುಬೆರಳನ್ನು ಎ ತಂತಿಯ 2ನೇ ಫ್ರೆಟ್‌ಗೆ ಇಡಿ, 2312. ಇದು ಬಿ7 ಫ್ಲ್ಯಾಟ್ ಫೈವ್. ನಿಮ್ಮ ಇನ್ನೊಂದು ಕಾರ್ಡಿಗೆ ಒಂದು ಎ ಸೇರಿದೆ, ಅಷ್ಟೇ. ಮೂರು ಬೆರಳು ಅಲ್ಲಾಡಿಸಲೇ ಇಲ್ಲ ನೋಡಿ.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಇವಕ್ಕೆ ಆಗ್ಮೆಂಟೆಡ್ ಸಿಕ್ಸ್ತ್ ಕಾರ್ಡುಗಳು ಅನ್ನುತ್ತಾರೆ. 2310 ಇಟಾಲಿಯನ್, 2312 ಫ್ರೆಂಚ್, 2313 ಜರ್ಮನ್. ಹೆಸರು ಮರೆತರೂ ನಷ್ಟವಿಲ್ಲ. ಅವುಗಳ ಕೆಲಸ ಮಾತ್ರ ಮರೆಯಬೇಡಿ: ಇ ಮೇಜರ್‌ಗೆ ಕರೆದುಕೊಂಡು ಹೋಗುವುದು.

ಇ ಮೇಜರ್‌ಗೆ 4442 ಹಿಡಿಯುವ ಅಭ್ಯಾಸ ಇರಬಹುದು. ಇಲ್ಲಿ 1402 ಹಿಡಿಯಿರಿ. 2313ರಿಂದ ಹೋಗುವಾಗ ಪ್ರತಿ ತಂತಿಯೂ ಒಂದೇ ಫ್ರೆಟ್ ಸರಿಯುತ್ತದೆ. ಜಿ, ಇ, ಎ ತಂತಿಗಳಲ್ಲಿ ಸ್ವರ ಇಳಿಯುತ್ತದೆ, ಸಿ ತಂತಿಯಲ್ಲಿ ಮಾತ್ರ ಏರುತ್ತದೆ. ಡಿ ಶಾರ್ಪ್ ಕೆಳಗಿನಿಂದ, ಎಫ್ ಮೇಲಿನಿಂದ ಬಂದು ಒಂದೇ ಇ ಸ್ವರದಲ್ಲಿ ಕೂಡುತ್ತವೆ. ನಿಧಾನವಾಗಿ ಒಂದೊಂದೇ ತಂತಿ ಮೀಟಿ ಕೇಳಿ. ಈ ಸ್ಕೇಲಿಗೆ ಕಾರ್ಡ್ ಕಟ್ಟುವುದು ಅಂದರೆ ಮುಕ್ಕಾಲು ಪಾಲು ಇದೇ ಅಂತ ನನ್ನ ಅಭಿಪ್ರಾಯ.

ಸಿ ಆಗ್ಮೆಂಟೆಡ್ 1003, ಸುಲಭ. ಜಿ ಶಾರ್ಪ್ ಮೈನರ್ 4342. ಎ ಮೈನರ್ ಪಕ್ಕದಲ್ಲಿ ಅದು ಬೇರೆ ಯಾವುದೋ ಟ್ಯೂನಿನಿಂದ ತಪ್ಪಿಸಿಕೊಂಡು ಬಂದ ಹಾಗೆ ಕೇಳಿಸುತ್ತದೆ. ನಾನು ಬಳಸುವುದಿಲ್ಲ.

ಗುಂಯ್ಗುಡು:
ಒಂದು ಎಚ್ಚರಿಕೆ. ಖಾಲಿ ಜಿ ತಂತಿ ಈ ಸ್ಕೇಲಿನಲ್ಲಿಲ್ಲ, ಇರುವುದು ಜಿ ಶಾರ್ಪ್. ಸ್ಟ್ರಮ್ ಮಾಡುವಾಗ ಬೆರಳು ಜಾರಿ ಆ ತಂತಿ ಖಾಲಿ ನುಡಿದರೆ ಎಲ್ಲ ಕೆಡುತ್ತದೆ. ಮೇಲೆ ಬರೆದ ಕಾರ್ಡುಗಳಲ್ಲೆಲ್ಲ ಅದು 1, 2 ಅಥವಾ 4ರಲ್ಲಿದೆ, ಗಮನಿಸಿ.

ಇನ್ನು ನನ್ನ ಕೇಳಿದರೆ ಇಷ್ಟೊಂದು ಕಾರ್ಡ್ ಯಾಕೆ? ಖಾಲಿ ಎ ತಂತಿಯನ್ನು ಶ್ರುತಿಯ ಹಾಗೆ ಬಿಟ್ಟುಕೊಂಡು, ಟ್ಯೂನನ್ನು ಸಿ ಮತ್ತು ಇ ತಂತಿಗಳಲ್ಲಿ ನುಡಿಸಿ. ಸಿ ತಂತಿಯಲ್ಲಿ 0, 3, ಆಮೇಲೆ ಇ ತಂತಿಯಲ್ಲಿ 0, 1, 4, 5. ಮೂರು ಫ್ರೆಟ್ ಹಾರುವ ಎರಡೂ ಜಾಗ ಅಷ್ಟರಲ್ಲೇ ಬಂದುಹೋಗುತ್ತವೆ.

ಹೊಸಮೀಟು:
2313ರಿಂದ 1402, ಅಬ್ಬಾ! ಸುಮ್ನೆ ಅದನ್ನೇ ಬಾರಿಸುತ್ತಾ ಕೂತಿದ್ದೇನೆ. ಇ ಬದಲು ಇ7 ಹಾಕಬಹುದಾ?

ಖಾಲಿತಂತಿ:
ಇ7 ಅಂದರೆ 1202. ಅದರಲ್ಲಿ ಶಾರ್ಪ್ ಇಲ್ಲದ ಡಿ ಇದೆ, ಸ್ಕೇಲಿನ ಹೊರಗಿನದು. ಆ ಹೊತ್ತಿಗೆ ಟ್ಯೂನಿನಲ್ಲಿ ಡಿ ಶಾರ್ಪ್ ಇಲ್ಲದಿದ್ದರೆ ಧಾರಾಳವಾಗಿ ಹಾಕಿ, ಎ ಮೈನರ್‌ಗೆ ಚೆನ್ನಾಗಿ ಎಳೆಯುತ್ತದೆ. ಸ್ಕೇಲ್ ಬಿಟ್ಟು ಹೋಗಬಾರದು ಅಂತಿದ್ದರೆ ಇ ಮೇಜರ್ ಸೆವೆನ್, 1302. ಅದು ಮೆತ್ತಗೆ, ಎಳೆತ ಕಮ್ಮಿ. ನಾನಾದರೆ ಬರೀ 1402 ಬಾರಿಸಿ ಎ ಮೈನರ್‌ಗೆ, ಅಂದರೆ 2000ಕ್ಕೆ ಬರುತ್ತೇನೆ. ಅಲ್ಲಿಂದ ಜಿ ತಂತಿಯ ಬೆರಳನ್ನು 1ಕ್ಕೆ ಜಾರಿಸಿ ಒಮ್ಮೆ 1000 ಮೀಟಿ ನೋಡಿ, ಜಿ ಶಾರ್ಪ್ ಎಷ್ಟು ಚೂಪಾಗಿ ಕೇಳಿಸುತ್ತದೆ ಅಂತ.