ಇಪಿಐ ಇರುವ ಜರ್ಮನ್ ಶೆಫರ್ಡ್: ಎಂಜೈಮ್, ಬಿ12, ಊಟ ಹೇಗೆ ಹೊಂದಿಸುತ್ತೀರಿ?

ದಾವಣಗೆರೆ ಶೆಫರ್ಡ್

ಎಲ್ಲರಿಗೂ ನಮಸ್ಕಾರ. ನಮ್ಮ ರಾಣಿ ಜರ್ಮನ್ ಶೆಫರ್ಡ್, ಎರಡು ವರ್ಷ ತುಂಬಿದೆ. ಇಪಿಐ ಅಂತ ಗೊತ್ತಾಗಿದೆ, ಅಂದರೆ ಮೇದೋಜೀರಕ ಗ್ರಂಥಿಯಿಂದ (ಪ್ಯಾಂಕ್ರಿಯಾಸ್) ಊಟ ಅರಗಿಸುವ ಎಂಜೈಮ್ ಬರುತ್ತಿಲ್ಲ. ಹೋದ ಮಳೆಗಾಲದಿಂದ ತೂಕ ಇಳಿಯುತ್ತಲೇ ಇತ್ತು, ತಿನ್ನುವುದು ಮಾತ್ರ ಮೊದಲಿಗಿಂತ ಜಾಸ್ತಿ. ತಟ್ಟೆ ನೆಕ್ಕಿ ಮುಗಿಸಿ ಮತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತಿರುತ್ತಾಳೆ. ಕಕ್ಕ ಸಗಣಿಯ ಹಾಗೆ ರಾಶಿ ರಾಶಿ, ಹಳದಿ ಬಣ್ಣ, ಜಿಡ್ಡು ಜಿಡ್ಡು, ಹುಳಿ ವಾಸನೆ. ಹೊಟ್ಟೆಯ ಗುಡುಗುಡು ಪಕ್ಕದ ರೂಮಿಗೂ ಕೇಳುತ್ತದೆ. ಜಂತುಹುಳದ ಮಾತ್ರೆ ಆಯಿತು, ಟಿಕ್ ಫೀವರ್ ಟೆಸ್ಟ್ ಆಯಿತು, ಭೇದಿ ಔಷಧಿನೂ ಆಯಿತು. ಕೊನೆಗೆ ಟಿಎಲ್‌ಐ ಅನ್ನೋ ರಕ್ತ ಪರೀಕ್ಷೆ ಮಾಡಿಸಿದಾಗ 1.3 ಬಂತು. ಈಗ ತೂಕ 22 ಕೆಜಿ, ಪಕ್ಕೆಲುಬು ಎಣಿಸಬಹುದು.

ಡಾಕ್ಟರು ಎಂಜೈಮ್ ಕ್ಯಾಪ್ಸೂಲ್ ಬರೆದುಕೊಟ್ಟಿದ್ದಾರೆ, ಬಿ12 ಕೂಡ ಬೇಕು ಅಂದಿದ್ದಾರೆ. ನನ್ನ ಗೊಂದಲ ಇವು. ಕ್ಯಾಪ್ಸೂಲ್ ಹಾಗೇ ನುಂಗಿಸಬೇಕಾ, ಬಿಡಿಸಿ ಊಟಕ್ಕೆ ಬೆರೆಸಬೇಕಾ? ಇಲ್ಲಿಯವರೆಗೆ ರಾಗಿ ಮುದ್ದೆ, ಅನ್ನ, ಕೋಳಿ, ಮೊಟ್ಟೆ, ಮಜ್ಜಿಗೆ ಕೊಡುತ್ತಿದ್ದೆವು, ಅದನ್ನೇ ಮುಂದುವರಿಸಬಹುದಾ? ಒಬ್ಬರು ಕೊಬ್ಬು ಪೂರ್ತಿ ತೆಗಿ ಅನ್ನುತ್ತಾರೆ, ಇನ್ನೊಬ್ಬರು ಕುಂಬಳಕಾಯಿ ಹಾಕು ಕಕ್ಕ ಗಟ್ಟಿಯಾಗುತ್ತೆ ಅನ್ನುತ್ತಾರೆ. ಬಿ12 ಇಂಜೆಕ್ಷನ್ ಒಳ್ಳೆಯದಾ, ಮಾತ್ರೆ ಸಾಕಾ?

ಇನ್ನೊಂದು ವಿಷಯ. ಅಮ್ಮ ಮಾಂಸ ಮುಟ್ಟುವುದಿಲ್ಲ, ರಾಣಿಯ ಕೋಳಿಯನ್ನು ನಾನು ಹಿತ್ತಲಲ್ಲಿ ಬೇರೆ ಪಾತ್ರೆ ಇಟ್ಟು ಬೇಯಿಸುತ್ತೇನೆ. ಕ್ಯಾಪ್ಸೂಲ್ ಹಂದಿಯಿಂದ ಮಾಡಿದ್ದು ಅಂತ ಅವರಿಗೆ ಗೊತ್ತಾಗಿ ಬೇಜಾರಾಗಿದೆ. ಗಿಡಮೂಲದ್ದು ಇದೆಯಾ? ಅಮ್ಮ ಚಪಾತಿ ತಿನ್ನುವಾಗ ಅವಳಿಗೂ ಒಂದು ತುಂಡು ಹಾಕುತ್ತಾರೆ, ಅದು ಪರವಾಗಿಲ್ವಾ?

ಬ್ರೂನೋ ಅಮ್ಮ, ಮೈಸೂರು

ಮೊದಲು ಧೈರ್ಯ ತಗೊಳ್ಳಿ. ನಮ್ಮ ಬ್ರೂನೋ ಕೂಡ ಜರ್ಮನ್ ಶೆಫರ್ಡ್, ಇದೇ ಕಾಯಿಲೆ, ವರ್ಷಗಳಿಂದ ಎಂಜೈಮ್ ಮೇಲೇ ಇದ್ದಾನೆ. ಈಗ ಗೇಟಿನ ಹತ್ತಿರ ಪೇಪರಿನವನು ಬಂದರೆ ಬೀದಿಗೆಲ್ಲ ಕೇಳುವ ಹಾಗೆ ಬೊಗಳುತ್ತಾನೆ. ಈ ಕಾಯಿಲೆ ವಾಸಿಯಾಗುವುದಿಲ್ಲ, ಆದರೆ ಎಂಜೈಮ್ ಸರಿಯಾಗಿ ಹೋದರೆ ನಾಯಿ ಚೆನ್ನಾಗಿ ಬದುಕುತ್ತೆ.

ಚಪಾತಿ ವಿಷಯ ಮೊದಲು ಹೇಳುತ್ತೇನೆ. ಎಂಜೈಮ್ ಇಲ್ಲದೆ ಒಂದು ತುತ್ತೂ ಬೇಡ. ಬಿಸ್ಕತ್ತು, ರಸ್ಕು, ನೆಲಕ್ಕೆ ಬಿದ್ದ ದೋಸೆ ಚೂರು ಯಾವುದೂ ಬೇಡ. ಅರಗದ ಊಟ ಕರುಳಿನಲ್ಲಿ ಉಳಿದುಬಿಡುತ್ತೆ, ಬ್ಯಾಕ್ಟೀರಿಯಾಗಳಿಗೆ ಹಬ್ಬ, ಮರುದಿನ ಮತ್ತೆ ಅದೇ ಹಳದಿ ಕಕ್ಕ. ಬೆಳಗ್ಗೆಯ ಊಟ ಎಷ್ಟು ಸರಿಯಾಗಿ ಕೊಟ್ಟಿದ್ದರೂ ಮಧ್ಯಾಹ್ನದ ಆ ಒಂದು ತುಂಡಿನಿಂದ ಹೊಟ್ಟೆ ಕೆಡುವುದನ್ನು ನಾನು ನೋಡಿದ್ದೇನೆ. ಅಮ್ಮನಿಗೆ ಕೊಡಬೇಡಿ ಅಂದರೆ ಮನಸ್ಸಿಗೆ ನೋವಾಗುತ್ತೆ, ನಮ್ಮತ್ತೆಗೂ ಆಗಿತ್ತು. ಅದಕ್ಕೆ ಒಂದು ದಾರಿ ಇದೆ. ಅವಳ ಊಟದಲ್ಲೇ ಒಂದು ಸಣ್ಣ ಬಟ್ಟಲು ತೆಗೆದಿಟ್ಟು, ಅದಕ್ಕೂ ಎಂಜೈಮ್ ಬೆರೆಸಿ, ಅಮ್ಮನ ಕೈಯಿಂದಲೇ ಹಾಕಿಸಿ.

ಊಟ ದಿನಕ್ಕೆ ಮೂರು ಸಲ ಮಾಡಿ, ಒಂದೇ ಸಲ ರಾಶಿ ಹಾಕಬೇಡಿ. ಬಿಸಿ ಅನ್ನಕ್ಕೆ ಎಂಜೈಮ್ ಹಾಕಿದರೆ ಅದು ಕೆಟ್ಟೇ ಹೋಗುತ್ತೆ. ಬೆರಳು ಅದ್ದಿದರೆ ಉಗುರುಬೆಚ್ಚಗೆ ಅಥವಾ ತಣ್ಣಗಿರಬೇಕು. ನಾನು ಅನ್ನ, ಕೋಳಿಯನ್ನು ಕೈಯಲ್ಲೇ ನುಣ್ಣಗೆ ಕಿವುಚಿ, ಸ್ವಲ್ಪ ನೀರು ಹಾಕಿ, ಪುಡಿ ಎಲ್ಲ ಕಡೆ ಹತ್ತುವ ಹಾಗೆ ಕಲಸುತ್ತೇನೆ. ಒಂದು ಕಾಲು ಗಂಟೆ ಬಿಟ್ಟರೆ ಮೇಲೆಲ್ಲ ಸಡಿಲವಾಗಿ ನೀರು ಬಿಟ್ಟುಕೊಳ್ಳುತ್ತೆ. ಕಾಯಲೇಬೇಕು ಅಂತೇನೂ ಇಲ್ಲ, ಆದರೆ ಒಣ ಪುಡಿ ಮೇಲೆ ಉದುರಿಸಿ ಕೊಟ್ಟರೆ ಬಾಯಲ್ಲಿ ಹುಣ್ಣಾಗಬಹುದು, ಒಸಡಿನಿಂದ ರಕ್ತ ಬರಬಹುದು. ಊಟ ಆದ ಮೇಲೆ ನೀರು ಕುಡಿಸಿ. ಪುಡಿ ಕಲಸುವಾಗ ನೀವೂ ಅದನ್ನು ಉಸಿರಿನಲ್ಲಿ ಎಳೆದುಕೊಳ್ಳಬೇಡಿ, ಫ್ಯಾನ್ ಆಫ್ ಮಾಡಿ. ಕೆಲವರಿಗೆ ಅಲರ್ಜಿ, ಉಬ್ಬಸ ಬರುತ್ತೆ.

ವಾಕಿಂಗ್ ಹೋದಾಗ ಹಗ್ಗ ಗಿಡ್ಡ ಹಿಡಿದುಕೊಳ್ಳಿ. ಈ ಕಾಯಿಲೆಯಲ್ಲಿ ಹಸಿವು ತಡೆಯಲಾರದೆ ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕುತ್ತವೆ, ಬೇರೆ ನಾಯಿಯ ಕಕ್ಕವನ್ನೂ ಬಿಡುವುದಿಲ್ಲ. ಬೈಯಬೇಡಿ ಪಾಪ, ಅದು ದುರಾಸೆ ಅಲ್ಲ.

ಪಶುವೈದ್ಯ, ಶಿವಮೊಗ್ಗ

ನಿಮ್ಮ ರಿಪೋರ್ಟ್ ಸ್ಪಷ್ಟವಾಗಿದೆ. ಖಾಲಿ ಹೊಟ್ಟೆಯಲ್ಲಿ ತೆಗೆದ ರಕ್ತದಲ್ಲಿ ಟಿಎಲ್‌ಐ 2.5ಕ್ಕಿಂತ ಕಡಿಮೆ ಇದ್ದರೆ ಇಪಿಐ ಅಂತಲೇ ಲೆಕ್ಕ. ಜರ್ಮನ್ ಶೆಫರ್ಡ್‌ಗಳಲ್ಲಿ ಇದು ವಂಶದಲ್ಲಿ ಬರುತ್ತದೆ. ಎಂಜೈಮ್ ಮಾಡುವ ಜೀವಕೋಶಗಳು ಚಿಕ್ಕ ವಯಸ್ಸಿನಲ್ಲೇ ನಶಿಸಿ ಹೋಗುತ್ತವೆ, ಶೇ. 90ರಷ್ಟು ಹೋಗುವ ತನಕ ಹೊರಗೆ ಏನೂ ಕಾಣಿಸುವುದಿಲ್ಲ. ರಾಣಿಗೆ ಮರಿ ಹಾಕಿಸುವ ಯೋಚನೆ ಇದ್ದರೆ ದಯವಿಟ್ಟು ಬಿಡಿ.

ಕ್ಯಾಪ್ಸೂಲ್ ಬಗ್ಗೆ. ಲೇಬಲ್‌ನಲ್ಲಿ ಲೈಪೇಸ್, ಅಂದರೆ ಕೊಬ್ಬು ಒಡೆಯುವ ಎಂಜೈಮ್, ಎಷ್ಟು ಯೂನಿಟ್ ಅಂತ ನೋಡಿ. ಹೊರದೇಶಗಳಲ್ಲಿ ನಾಯಿಗಳಿಗೇ ಸಿಗುವ ಪ್ಯಾಂಕ್ರಿಯಾಟಿನ್ ಅನ್ನೋ ಎಂಜೈಮ್ ಪುಡಿಯ ಒಂದು ಟೀ ಚಮಚದಲ್ಲಿ ಸುಮಾರು 71,000 ಯೂನಿಟ್ ಲೈಪೇಸ್ ಇರುತ್ತದೆ, 10 ಕೆಜಿ ತೂಕಕ್ಕೆ ಪ್ರತಿ ಊಟಕ್ಕೆ ಒಂದು ಚಮಚ ಅಂತ ಶುರು ಮಾಡುತ್ತಾರೆ. ನಮ್ಮಲ್ಲಿ ಸಿಗುವುದು ಮನುಷ್ಯರ ಕ್ಯಾಪ್ಸೂಲ್, 10,000 ಅಥವಾ 25,000 ಯೂನಿಟ್‌ನವು. ಹಾಗಂತ ಲೆಕ್ಕ ಹಾಕಿ ನೀವೇ ಐದಾರು ಕ್ಯಾಪ್ಸೂಲ್ ಸುರಿಯಬೇಡಿ, ಎಷ್ಟೋ ನಾಯಿಗಳಿಗೆ ಕಡಿಮೆಯಲ್ಲೇ ಆಗುತ್ತದೆ. ನಿಮ್ಮ ಡಾಕ್ಟರು ಹೇಳಿದಷ್ಟರಿಂದ ಶುರು ಮಾಡಿ, ಕ್ಯಾಪ್ಸೂಲ್ ಬಿಡಿಸಿ ಒಳಗಿನ ಕಾಳುಗಳನ್ನು ಊಟಕ್ಕೆ ಬೆರೆಸಿ. ಆ ಕಾಳುಗಳ ಮೇಲೆ ಹೊಟ್ಟೆಯ ಆಸಿಡ್ ತಡೆಯುವ ಲೇಪ ಇರುತ್ತದೆ. ಕೆಲವು ನಾಯಿಗಳಲ್ಲಿ ಅದು ಸಮಯಕ್ಕೆ ಸರಿಯಾಗಿ ಕರಗುವುದಿಲ್ಲ. ಕಕ್ಕದಲ್ಲಿ ಕಾಳು ಹಾಗೇ ಕಂಡರೆ ಅಥವಾ ಏನೂ ಸುಧಾರಣೆ ಇಲ್ಲದಿದ್ದರೆ ಡಾಕ್ಟರಿಗೆ ಹೇಳಿ, ಲೇಪ ಇಲ್ಲದ ಪುಡಿಗೆ ಬದಲಾಯಿಸಬಹುದು.

ಅಮ್ಮನ ಪ್ರಶ್ನೆಗೆ ನೇರವಾಗಿ ಹೇಳಬೇಕು ಅಂದರೆ, ಇದಕ್ಕೆ ಸಮನಾದ ಗಿಡಮೂಲದ್ದು ಇಲ್ಲ. ಮೆಡಿಕಲ್ ಶಾಪಿನಲ್ಲಿ ಅಜೀರ್ಣಕ್ಕೆ ಕೊಡುವ ಸಿರಪ್‌ಗಳಲ್ಲಿ ಸಾಮಾನ್ಯವಾಗಿ ಡಯಾಸ್ಟೇಸ್, ಪೆಪ್ಸಿನ್, ಪಪ್ಪಾಯದ ಪಪೈನ್ ಇರುತ್ತವೆ. ಕೊಬ್ಬು ಒಡೆಯುವ ಲೈಪೇಸ್ ಇಲ್ಲ. ಅದನ್ನು ನಂಬಿ ಕೂತರೆ ನಾಯಿ ಕಣ್ಣೆದುರೇ ಸೊರಗುತ್ತದೆ. ಇದು ಔಷಧಿ, ನಾಯಿಯ ಜೀವಕ್ಕೆ ಬೇಕಾದದ್ದು ಅಂತ ಅಮ್ಮನಿಗೆ ಹೇಳಿ.

ರಾಗಿ ನಿಲ್ಲಿಸಿ. ಬೇಜಾರಾಗಬಹುದು, ರಾಗಿ ತಿಂದು ಗಟ್ಟಿಮುಟ್ಟಾದ ನಾಯಿಗಳನ್ನು ನಾವೆಲ್ಲ ನೋಡಿದ್ದೇವೆ. ಆದರೆ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಇದೆ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ನಾರು ಜಾಸ್ತಿ ಆದರೆ ಎಂಜೈಮ್ ಕೆಲಸ ಕುಗ್ಗುತ್ತದೆ. ಕುಂಬಳಕಾಯಿ, ಸೊಪ್ಪು, ಗೋಧಿ ಹಿಟ್ಟೂ ಈಗ ಬೇಡ. ಬೇರೆ ಭೇದಿಗೆ ಕುಂಬಳಕಾಯಿ ಸರಿ, ಇಲ್ಲಿ ಅಲ್ಲ. ಮೆತ್ತಗೆ ಬೆಂದ ಬಿಳಿ ಅನ್ನ, ಮೂಳೆ ಇಲ್ಲದ ಕೋಳಿ, ಬೆಂದ ಮೊಟ್ಟೆ ಸಾಕು. ಮಜ್ಜಿಗೆ ಒಗ್ಗಿದರೆ ಸ್ವಲ್ಪ ಕೊಡಬಹುದು. ಆದರೆ ರಾಗಿ ಹೋದರೆ ಅವಳ ಊಟದಿಂದ ಕ್ಯಾಲ್ಸಿಯಂ ಕೂಡ ಹೋಯಿತು ಅನ್ನೋದು ಮರೆಯಬೇಡಿ. ಅನ್ನ ಕೋಳಿಯಲ್ಲಿ ಅದು ತೀರಾ ಕಡಿಮೆ. ಎಷ್ಟು ಸೇರಿಸಬೇಕು ಅಂತ ತೂಕ ನೋಡಿ ಡಾಕ್ಟರ ಹತ್ತಿರ ಬರೆಸಿಕೊಳ್ಳಿ, ಇಲ್ಲವೇ ಸುಲಭವಾಗಿ ಅರಗುವ, ನಾರು ಕಡಿಮೆ ಇರುವ ಒಳ್ಳೆಯ ಪ್ಯಾಕೆಟ್ ಊಟಕ್ಕೆ ಹೋಗಿ.

ಕೊಬ್ಬು ಪೂರ್ತಿ ತೆಗೆಯುವುದು ಹಳೆಯ ಸಲಹೆ. ತೂಕ ಬರಬೇಕಾದ ನಾಯಿಗೆ ಕೊಬ್ಬಿನ ಶಕ್ತಿ ಬೇಕೇ ಬೇಕು, ಎ, ಡಿ, ಇ, ಕೆ ವಿಟಮಿನ್‌ಗಳು ರಕ್ತಕ್ಕೆ ಸೇರುವುದೂ ಕೊಬ್ಬಿನ ಜೊತೆಗೇ. ಸಾಧಾರಣ ಕೊಬ್ಬು ಇರಲಿ, ತುಪ್ಪ ಸುರಿಯುವುದು ಬೇಡ. ಪದೇ ಪದೇ ಪ್ಯಾಂಕ್ರಿಯಾಸ್ ಊದಿಕೊಂಡು ಇಪಿಐ ಬಂದ ನಾಯಿಗಳ ಕಥೆ ಬೇರೆ, ಅವಕ್ಕೆ ಕೊಬ್ಬು ಕಡಿಮೆ ಮಾಡಲೇಬೇಕು.

ಬಿ12 ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಎಂಜೈಮ್ ಸರಿ ಇದ್ದೂ ನಾಯಿ ಚೇತರಿಸಿಕೊಳ್ಳದಿದ್ದರೆ ಎಷ್ಟೋ ಸಲ ಕಾರಣ ಇದೇ. ಬಿ12 ಹೀರಿಕೊಳ್ಳಲು ಒಂದು ಪ್ರೋಟೀನ್ ಬೇಕು. ಮನುಷ್ಯರಲ್ಲಿ ಅದು ಜಠರದಿಂದ ಬರುತ್ತದೆ, ನಾಯಿಗಳಲ್ಲಿ ಬಹುಪಾಲು ಪ್ಯಾಂಕ್ರಿಯಾಸ್‌ನಿಂದಲೇ. ಅದು ಕೈಕೊಟ್ಟರೆ ಬಿ12 ಕೂಡ ಹೋಯಿತು, ಉಳಿದದ್ದನ್ನು ಕರುಳಿನ ಬ್ಯಾಕ್ಟೀರಿಯಾ ತಿನ್ನುತ್ತವೆ. ಬಿ12 ತೀರಾ ಕಡಿಮೆ ಇದ್ದ ನಾಯಿಗಳ ಆಯಸ್ಸೂ ಕಡಿಮೆ ಅಂತ ಕಂಡುಬಂದಿದೆ. ಇಂಜೆಕ್ಷನ್ ಆದರೆ ವಾರಕ್ಕೊಂದರಂತೆ ಆರು ವಾರ, ಆಮೇಲೆ ತಿಂಗಳು ಬಿಟ್ಟು ಇನ್ನೊಂದು. ಮಾತ್ರೆಯೂ ಕೆಲಸ ಮಾಡುತ್ತದೆ, 20 ಕೆಜಿಗಿಂತ ಜಾಸ್ತಿ ಇರುವ ನಾಯಿಗೆ ದಿನಕ್ಕೆ 1 ಮಿಲಿಗ್ರಾಂನಂತೆ 12 ವಾರ ಕೊಟ್ಟು ಮತ್ತೆ ರಕ್ತ ನೋಡುತ್ತಾರೆ. ಮಾತ್ರೆ ತರುವಾಗ ಹುಷಾರು. ನಮ್ಮ ಅಂಗಡಿಗಳಲ್ಲಿ ಬಿ12 ಜೊತೆ ಪ್ರಿಗಾಬಲಿನ್, ಆಲ್ಫಾ ಲೈಪೋಯಿಕ್ ಆಸಿಡ್ ಸೇರಿಸಿದ ಮಾತ್ರೆಗಳೇ ಜಾಸ್ತಿ, ನರದ ನೋವಿಗೆ ಕೊಡುವವು. ಲೈಪೋಯಿಕ್ ಆಸಿಡ್ ಜಾಸ್ತಿಯಾದರೆ ನಾಯಿಗೆ ವಿಷ. ಚೀಪುವ ಮಾತ್ರೆಗಳಲ್ಲಿ ಸಿಹಿಗೆ ಹಾಕುವ ಝೈಲಿಟಾಲ್ ಕೂಡ ವಿಷವೇ. ಬರೀ ಬಿ12 ಇರುವುದನ್ನು ಕೇಳಿ, ಸ್ಟ್ರಿಪ್ಪಿನ ಹಿಂಭಾಗ ಓದಿ ತಗೊಳ್ಳಿ.

ಇಷ್ಟೆಲ್ಲ ಆದ ಮೇಲೂ ಭೇದಿ ನಿಲ್ಲದಿದ್ದರೆ ಕರುಳಿನ ಬ್ಯಾಕ್ಟೀರಿಯಾಕ್ಕೆ ಟೈಲೋಸಿನ್, ಆಸಿಡ್ ಕಡಿಮೆ ಮಾಡಲು ಒಮೆಪ್ರಜೋಲ್, ಹೀಗೆ ದಾರಿಗಳಿವೆ. ಡಾಕ್ಟರು ನೋಡಿ ಕೊಡಬೇಕಾದದ್ದು ಅವು. ಕೋಳಿ ಫಾರಂ ಔಷಧಿ ಅಂಗಡಿಯಿಂದ ಟೈಲೋಸಿನ್ ಪುಡಿ ತಂದು ಅಂದಾಜಿನಲ್ಲಿ ಹಾಕಬೇಡಿ.

ದಾವಣಗೆರೆ ಶೆಫರ್ಡ್

ಸರ್, ಅಕ್ಕ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮನೆಯಲ್ಲಿದ್ದ ಬಿ12 ಸ್ಟ್ರಿಪ್ ಈಗಷ್ಟೇ ತಿರುಗಿಸಿ ನೋಡಿದೆ, ಅದರಲ್ಲಿ ಪ್ರಿಗಾಬಲಿನ್ ಇದೆ. ಇನ್ನೂ ಕೊಟ್ಟಿರಲಿಲ್ಲ, ನಾಳೆಯೇ ಬರೀ ಬಿ12 ತರುತ್ತೇನೆ. ಒಂದು ಕೇಳಬೇಕಿತ್ತು, ಕ್ಯಾಪ್ಸೂಲ್ ಖರ್ಚು ಜೀವನಪೂರ್ತಿ ಅಂದರೆ ಭಾರ ಆಗುತ್ತೆ. ಹಸಿ ಪ್ಯಾಂಕ್ರಿಯಾಸ್ ಕೊಡಬಹುದು ಅಂತ ಓದಿದೆ. ಯಾರಾದರೂ ಕೊಟ್ಟಿದ್ದೀರಾ?

ಕುಡ್ಲದ ನಾಯಿಮನೆ

ನಾನು ಕೊಡುತ್ತಿದ್ದೇನೆ ಅಣ್ಣ, ಚೆನ್ನಾಗಿ ಆಗುತ್ತೆ. ಒಂದು ಟೀ ಚಮಚ ಪುಡಿಯ ಬದಲು 30ರಿಂದ 90 ಗ್ರಾಂ ಹಸಿ ಪ್ಯಾಂಕ್ರಿಯಾಸ್ ಅಂತ ಲೆಕ್ಕ. ಬೇಯಿಸಿದರೆ ಎಂಜೈಮ್ ಸತ್ತುಹೋಗುತ್ತೆ, ಹಸಿಯಾಗಿಯೇ ಕೊಡಬೇಕು. ನಮ್ಮೂರಲ್ಲಿ ಹಂದಿ ಮಾಂಸದ ಅಂಗಡಿ ಸುಮಾರಿವೆ, ಆದರೆ ಹಂದಿಯ ಹಸಿ ಭಾಗದಿಂದ ಔಜೆಸ್ಕಿ ಅನ್ನೋ ರೋಗ ಬರಬಹುದು, ಬಂದರೆ ನಾಯಿ ಉಳಿಯುವುದಿಲ್ಲ ಅಂತ ಡಾಕ್ಟರು ಹೆದರಿಸಿದ ಮೇಲೆ ನಾನು ಕುರಿಯದ್ದನ್ನೇ ತರುತ್ತೇನೆ. ನಿಮ್ಮ ಕಡೆ ಕುರಿ ಮಾಂಸಕ್ಕೆ ಬರ ಇಲ್ಲ ಅಲ್ವಾ.

ಅಂಗಡಿಯವರಿಗೆ ಪ್ಯಾಂಕ್ರಿಯಾಸ್ ಅಂದರೆ ಗೊತ್ತಾಗುವುದಿಲ್ಲ, ಕರುಳಿನ ಜೊತೆ ಬಿಸಾಕುತ್ತಾರೆ. ಬೆಳಗ್ಗೆ ಕೊಯ್ಯುವ ಹೊತ್ತಿಗೇ ಹೋಗಿ ಪಕ್ಕದಲ್ಲಿ ನಿಂತು ತೋರಿಸಬೇಕು. ಜಠರ ಮುಗಿದು ಕರುಳು ಶುರುವಾಗುವ ಬಾಗಿನ ಹತ್ತಿರ ತೆಳು ಗುಲಾಬಿ ಬಣ್ಣದ, ಗಂಟು ಗಂಟಾದ, ಮೆತ್ತನೆಯ ಪಟ್ಟಿ ಇರುತ್ತೆ, ಸುತ್ತ ಬಿಳಿ ಕೊಬ್ಬು. ಕೊಬ್ಬು ಬಿಡಿಸಿದರೆ ಅದೇ. ಒಂದು ಕುರಿಯಲ್ಲಿ ಸಿಗುವುದು ಸ್ವಲ್ಪ, ಅದಕ್ಕೆ ಹಲವು ಕುರಿಗಳದ್ದು ಒಟ್ಟು ಮಾಡಿ ಇಡಿ ಅಂತ ಮೊದಲೇ ಹೇಳಿಡಿ, ತಡ ಮಾಡದೆ ತಂದು ಸಣ್ಣಗೆ ಕೊಚ್ಚಿ, ಒಂದು ಊಟಕ್ಕಾಗುವಷ್ಟು ಕವರ್ ಮಾಡಿ ಫ್ರೀಜರಿಗೆ ಹಾಕಿ. ಫ್ರೀಜರಿನಲ್ಲಿ ಕೆಲವು ತಿಂಗಳು ಎಂಜೈಮ್ ಉಳಿಯುತ್ತೆ. ಕರಗಿಸಲು ಬಿಸಿನೀರು ಬೇಡ, ಹಿಂದಿನ ರಾತ್ರಿ ಕೆಳಗಿನ ಫ್ರಿಜ್ಜಿಗೆ ಇಳಿಸಿಡಿ.

ಜೊತೆಗೆ ಲಿವರ್, ಶ್ವಾಸಕೋಶ ಕೊಟ್ಟರೆ ಹಸಿಯಾಗಿ ಹಾಕಲೇಬೇಡಿ. ಕುರಿಯ ಆ ಭಾಗಗಳಲ್ಲಿ ನೀರುಗುಳ್ಳೆ ಇದ್ದರೆ ನಾಯಿಗೆ ಲಾಡಿಹುಳ ಆಗುತ್ತೆ, ಅದರ ಮೊಟ್ಟೆಯಿಂದ ಮನೆಯವರಿಗೂ ಅಪಾಯ. ಗ್ಲೌಸ್ ಹಾಕಿ, ಹಲಗೆ, ಚಾಕು ಬೇರೆ ಇಡಿ, ಹಿತ್ತಲಲ್ಲೇ ಮಾಡಿದರೆ ಅಮ್ಮನಿಗೂ ತೊಂದರೆ ಇಲ್ಲ.

ಆದರೆ ಈಗಲೇ ಬದಲಾಯಿಸಬೇಡಿ ಅಣ್ಣ. ಮೊದಲು ಕ್ಯಾಪ್ಸೂಲ್‌ನಲ್ಲೇ ತೂಕ ಏರಲಿ, ಕಕ್ಕ ಗಟ್ಟಿಯಾಗಲಿ. ಆಮೇಲೆ ಡಾಕ್ಟರಿಗೆ ಹೇಳಿ ಒಂದು ಊಟಕ್ಕೆ ಮಾತ್ರ ಇದನ್ನು ಹಾಕಿ ನೋಡಿ. ಊಟ, ಎಂಜೈಮ್ ಎರಡೂ ಒಟ್ಟಿಗೆ ಬದಲಾದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ ಮಾಡಿ ಬರೆದಿಡಿ. ಅಂಗಡಿ ಸಿಗದೆ ಹೋದರೆ ಇಲ್ಲೇ ಬರೆಯಿರಿ, ದಾವಣಗೆರೆಯಲ್ಲಿ ನಾಯಿ ಸಾಕುವ ಒಬ್ಬರು ಪರಿಚಯ ಇದ್ದಾರೆ, ಕೇಳಿ ಹೇಳುತ್ತೇನೆ.